ಏಳನೇ ಬಾಟಲಿ

ಕಚೇರಿಯಲ್ಲಿ ಅವರನ್ನು ಎಲ್ಲರೂ ಬಾಟಲಿ ಮೇಷ್ಟ್ರು ಅನ್ನುತ್ತಿದ್ದರು. ಹೊಸಬರು ಈ ಹೆಸರು ಕೇಳಿ, ಪಾಪ, ಕುಡುಕ ಇರಬೇಕು ಅಂದುಕೊಳ್ಳುತ್ತಿದ್ದರು. ಮನುಷ್ಯ ನೀರು ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಸರೋವರದ ಏಳು ಜಾಗಗಳಲ್ಲಿ ತಿಂಗಳಿಗೊಮ್ಮೆ ಏಳು ಬಾಟಲಿ ನೀರು ತುಂಬಿ, ಪ್ರಯೋಗಾಲಯದ ಮೇಜಿನ ಮೇಲೆ ತಂದಿಡುವುದು ಅವರ ಕೆಲಸ. ಮೇಷ್ಟ್ರು ಎಂಬ ಬಾಲ ಅಂಟಿಕೊಂಡಿದ್ದು ಪಾಠ ಹೇಳುವ ಚಾಳಿಯಿಂದ. ತುಂಬುವ ಮುಂಚೆ ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ಗಲಬರಿಸಬೇಕು, ಬಾಯಿಯ ಒಳಗೆ ಬೆರಳು ತಾಗಬಾರದು, ಚೀಟಿ ಒದ್ದೆಯಾಗುವ ಮುಂಚೆಯೇ ಬರೆದು ಅಂಟಿಸಬೇಕು. ಇಷ್ಟನ್ನೂ ಅವರು ಕಚೇರಿಯ ಕಸ ಗುಡಿಸುವವಳಿಗೂ ಹೇಳಿಕೊಟ್ಟಿದ್ದರು. ಅವಳಿಗೆ ಅದು ಯಾತಕ್ಕೆ ಬೇಕಿತ್ತೋ ದೇವರೇ ಬಲ್ಲ.

ಇಂಥ ಶಿಸ್ತಿನ ಆಸಾಮಿ ಒಂಬತ್ತು ವರ್ಷ ಏಳನೇ ಬಾಟಲಿಯಲ್ಲಿ ಸುಳ್ಳು ತುಂಬಿ ತಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಕೊನೆಗೆ ಬೆಚ್ಚಿಬೀಳಿಸುವ ಆಟ ನನಗೆ ಬೇಡ. ಮೇಷ್ಟ್ರು ಯಾರ ಹತ್ತಿರವೂ ಲಂಚ ತಿಂದವರಲ್ಲ, ಯಾರ ಬೆದರಿಕೆಗೂ ಹೆದರಿದವರಲ್ಲ. ಬರೀ ಮೈಗಳ್ಳತನ. ಲಂಚವಾಗಿದ್ದರೆ ಬೈಯಲು ಇನ್ನೊಬ್ಬನಾದರೂ ಸಿಗುತ್ತಿದ್ದ.

ಏಳನೇ ಜಾಗ ಇದ್ದದ್ದು ಸರೋವರದ ತುತ್ತತುದಿಯಲ್ಲಿ, ಗುಡ್ಡದ ಕಾಡಿನಿಂದ ಇಳಿಯುವ ಹಳ್ಳ ಬಂದು ಸೇರುವ ಕಡೆ. ಗುಡ್ಡದ ಆಚೆ ಬದಿಯಲ್ಲಿ ತಾಮ್ರದ ಗಣಿ. ಅಲ್ಲಿಂದ ಏನೇ ಹೊಲಸು ಇಳಿದರೂ ಮೊದಲು ಸಿಕ್ಕಿಬೀಳಬೇಕಾದ್ದು ಈ ಹಳ್ಳದ ಬಾಯಲ್ಲಿ. ಆದರೆ ಅಲ್ಲಿಗೆ ಮೋಟಾರು ದೋಣಿ ಹೋಗುವಂತಿರಲಿಲ್ಲ. ನೀರಿಗೆ ಅಡ್ಡಲಾಗಿ ಹಳದಿ ಡ್ರಮ್ಮುಗಳ ಸಾಲು ತೇಲುತ್ತಿತ್ತು. ಅದರಾಚೆ ಹೋಗುವವರು ಯಾರೇ ಆಗಲಿ, ಹುಟ್ಟು ಹಾಕಿಕೊಂಡೇ ಹೋಗಬೇಕು.

ಈ ನಿಯಮ ತಂದವಳು ಮೇಷ್ಟ್ರ ಸ್ವಂತ ತಂಗಿ. ದಡದಲ್ಲಿ ಅವಳದೊಂದು ಶೆಡ್ಡು; ಮರದ ದೋಣಿಗಳನ್ನು ಬೋರಲು ಹಾಕಿ, ತಳ ಕೆರೆದು, ಸಂದುಗಳಿಗೆ ಹತ್ತಿಯ ಹುರಿ ತುರುಕಿ, ಡಾಂಬರು ಬಳಿದು ಕೊಡುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಮೋಟಾರುಗಳ ಅಲೆಗೆ ದಡದ ಜೊಂಡೆಲ್ಲ ಕಿತ್ತುಹೋಗಿ, ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟತೊಡಗಿದಾಗ, ಅವಳು ಸಹಿ ಹಾಕಿಸುವ ಹಾಳೆ ಹಿಡಿದು ಮನೆಮನೆ ಅಲೆದಿದ್ದಳು. ಕೈಯಲ್ಲಿ ಡಾಂಬರಿನ ಕರೆ ಇದ್ದುದರಿಂದ ಹಾಳೆಯ ಅಂಚಿಗೆಲ್ಲ ಅವಳ ಹೆಬ್ಬೆರಳ ಗುರುತು. ಮೊದಲ ಸಹಿ ಅಣ್ಣನದೇ. ಡ್ರಮ್ಮುಗಳು ನೀರಿಗಿಳಿದ ದಿನ ಮೇಷ್ಟ್ರು ತಂಗಿಯ ಬೆನ್ನು ತಟ್ಟಿ, "ಒಂದು ಸರೋವರಾನೇ ಉಳಿಸಿಬಿಟ್ಯಲ್ಲೇ!" ಅಂದಿದ್ದರು.

ಮೊದಲೆರಡು ವರ್ಷ ಅವರು ಕರಾರುವಾಕ್ಕಾಗಿ ನಡೆದುಕೊಂಡರು. ಡ್ರಮ್ಮುಗಳ ಹತ್ತಿರ ಆರನೇ ಬಾಟಲಿ ತುಂಬಿ, ಕಚೇರಿಯ ಮೋಟಾರು ದೋಣಿಯನ್ನು ಅಲ್ಲೇ ಕಟ್ಟಿ, ಪುಟ್ಟ ಮರದ ದೋಣಿಗೆ ದಾಟಿ, ಒಂದೂಕಾಲು ಗಂಟೆ ಹುಟ್ಟು ಹಾಕಿ ಹಳ್ಳದ ಬಾಯಿ ಮುಟ್ಟುತ್ತಿದ್ದರು. ಬರುವಾಗ ಮತ್ತೆ ಒಂದೂಕಾಲು ಗಂಟೆ. ಎರಡನೇ ವರ್ಷದ ಕೊನೆಗೆ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಪ್ರಯೋಗಾಲಯದ ಮೆಟ್ಟಿಲಿಳಿಯುವಾಗ ಕಾಲು ಜಾರಿ ಬಲಭುಜಕ್ಕೆ ಪೆಟ್ಟಾಯಿತು. ವೈದ್ಯರು ಒಂದು ತಿಂಗಳು ಭುಜಕ್ಕೆ ಶ್ರಮ ಕೊಡಬೇಡಿ ಅಂದರು. ಆ ತಿಂಗಳು ಮೇಷ್ಟ್ರು ಡ್ರಮ್ಮಿನ ಹತ್ತಿರವೇ ಎರಡು ಬಾಟಲಿ ತುಂಬಿದರು. ಒಂದಕ್ಕೆ ಆರು ಅಂತ ಚೀಟಿ, ಇನ್ನೊಂದಕ್ಕೆ ಏಳು. ಹಳ್ಳದ ನೀರು ಸ್ವಲ್ಪ ತಣ್ಣಗಿರುತ್ತದೆಂದು ಗೊತ್ತಿತ್ತು. ಹಾಗಾಗಿ ಏಳರ ಚೀಟಿಯಲ್ಲಿ ಉಷ್ಣಾಂಶವನ್ನು ಅರ್ಧ ಡಿಗ್ರಿ ಕಡಿಮೆ ಬರೆದರು. ಸುಳ್ಳಿನಲ್ಲೂ ಅಚ್ಚುಕಟ್ಟು!

ಮುಂದಿನ ತಿಂಗಳು ಭುಜ ಇನ್ನೂ ಹಿಡಿದಂತಿತ್ತು. ಅದರ ಮುಂದಿನ ತಿಂಗಳು ಗಾಳಿ ಜೋರಿತ್ತು. ಆಮೇಲೆ ನೆಪ ಹುಡುಕುವುದೂ ನಿಂತುಹೋಯಿತು. ಗಣಿ ಗುಡ್ಡ ದಾಟಿ ಈ ಬದಿಗೆ ಬಂದದ್ದು ನಾಲ್ಕನೇ ವರ್ಷ. ಆ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾಗಿದ್ದವರು ಡ್ರಮ್ಮಿಗೆ ದೋಣಿ ಕಟ್ಟಿ ಬಿಸಿಲು ಕಾಯುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ತಂಗಿ ಅವರನ್ನು ಶೆಡ್ಡಿಗೆ ಕರೆಸಿದಳು. ಬೋರಲು ಬಿದ್ದ ದೋಣಿಯ ತಳದಲ್ಲಿ ಬೆರಳಾಡಿಸಿ ತೋರಿಸಿದಳು.

"ನೋಡು ಅಣ್ಣ, ಹಳ್ಳದ ಕಡೆ ಹೋಗಿಬಂದ ದೋಣಿಗೆಲ್ಲ ಈ ತುಕ್ಕು ಬಣ್ಣದ ಲೋಳೆ. ಅಲ್ಲಿ ಕಲ್ಲುಗಳೂ ಹಿಂಗೇ ಆಗಿವೆ. ಬಸವನಹುಳ ಒಂದೂ ಕಾಣಲ್ಲ. ನೀರಲ್ಲಿ ಏನೋ ಬರ್ತಿದೆ."

ಮೇಷ್ಟ್ರು ಆ ಲೋಳೆಯನ್ನು ಬೆರಳಿಂದ ಒರೆಸಿ ಮೂಸಿ ನೋಡಿದರು. ಅವತ್ತೇ ಬಾಯಿ ಬಿಟ್ಟಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ. ಆದರೆ ಅವರು ಕಚೇರಿಗೆ ಹೋಗಿ ಏಳನೇ ಜಾಗದ ಅಂಕಿಗಳನ್ನು ತಿರುವಿದರು. ಎಲ್ಲ ಮಿತಿಯೊಳಗಿದ್ದವು, ಸೊಗಸಾಗಿದ್ದವು. ತಾವೇ ಬರೆದ ಚೀಟಿ, ಆದರೆ ಅಚ್ಚಿನ ಅಕ್ಷರದಲ್ಲಿ, ಮೊಹರಿನ ಕೆಳಗೆ ನೋಡಿದಾಗ ಅವರಿಗೇ ಅರ್ಧ ನಂಬಿಕೆ ಬಂತು. ಸಂಜೆ ತಂಗಿಗೆ ಹೇಳಿದರು:

"ನಂಬರ್ ಎಲ್ಲ ಸರಿಯಾಗಿದೆ ಕಣೆ. ಬಿಸಿಲಿಗೆ ಕಲ್ಲು ಹಂಗೆ ಕಾಣುತ್ತೆ. ನಿನಗೂ ವಯಸ್ಸಾಯ್ತು, ಒಂದ್ಸಲ ಕಣ್ಣು ತೋರಿಸ್ಕೋ."

ತಂಗಿ ಹೋಗಿ ಕಣ್ಣು ತೋರಿಸಿಕೊಂಡಳು. ಕಂದು ಚೌಕಟ್ಟಿನ ಕನ್ನಡಕ ಹಾಕಿಕೊಂಡು ಬಂದಳು. ಡಾಂಬರು ಬಳಿಯುವಾಗ ಅದು ಮೂಗಿನಿಂದ ಜಾರಿ ಜಾರಿ ಬೀಳುತ್ತಿತ್ತು. ಅದಕ್ಕೊಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಗಣಿಯ ನೀರಿನ ಬಗ್ಗೆ ಅವಳು ಬರೆದ ಅರ್ಜಿಗಳಿಗೆ ಕಚೇರಿಯಿಂದ ಒಂದೇ ಉತ್ತರ: ಏಳನೇ ಜಾಗದ ನೀರು ಶುದ್ಧವಿದೆ. ಅಂಗಡಿ ಬೀದಿಯಲ್ಲಿ ಜನ ನಗಾಡಿದರು. "ಅಣ್ಣ ಅಳೆದು ಸರಿ ಇದೆ ಅಂತಾನೆ, ತಂಗಿ ಕೂತಲ್ಲೇ ವಿಷ ಅಂತಾಳೆ!"

ಈ ವರ್ಷ ಗಣಿಯವರು ಎರಡು ಅನುಮತಿ ಕೇಳಿದರು. ಗಣಿ ಎರಡರಷ್ಟು ದೊಡ್ಡದಾಗಬೇಕು. ಅದಿರು ಸಾಗಿಸಲು ಡ್ರಮ್ಮುಗಳನ್ನು ತೆಗೆದು ಮೋಟಾರು ದೋಣಿಗಳಿಗೆ ದಾರಿ ಬಿಡಬೇಕು. ವಿಚಾರಣೆಗೆ ದಿನ ಗೊತ್ತಾಯಿತು. ಅದೇ ವಾರ ಪ್ರಯೋಗಾಲಯಕ್ಕೆ ಹೊಸದಾಗಿ ಬಂದಿದ್ದ ಮೇಡಂ ಹಳೆಯ ಅಂಕಿಗಳನ್ನು ಜೋಡಿಸುತ್ತ ಹುಬ್ಬು ಗಂಟಿಕ್ಕಿದರು.

"ಮೇಷ್ಟ್ರೇ, ಆರಕ್ಕೂ ಏಳಕ್ಕೂ ಇಷ್ಟೊಂದು ಹೋಲಿಕೆ ಹೇಗೆ? ಅವಳಿ ಜವಳಿ ಇದ್ದಂಗಿದೆ."

"ಒಂದೇ ಸರೋವರ ಅಲ್ವಾ ಮೇಡಂ," ಅಂದು ಮೇಷ್ಟ್ರು ಹಲ್ಲು ಕಿರಿದರು. ಕೈಯಲ್ಲಿದ್ದ ಬಾಟಲಿಯನ್ನು ಮೂರು ಸಲದ ಬದಲು ಐದು ಸಲ ಗಲಬರಿಸಿದರು.

ವಿಚಾರಣೆಯ ಹಿಂದಿನ ದಿನ ತಂಗಿ ಮನೆಗೆ ಬಂದಳು. ಅಡುಗೆಮನೆಯ ಮೇಜಿಗೆ ಒರಗಿ ನಿಂತು, ಕನ್ನಡಕದ ದಾರ ತಿರುವುತ್ತ, "ಅಣ್ಣ, ನಾಳೆ ನೀರಿನ ವಿಷಯ ಎತ್ತಲ್ಲ ನಾನು. ಬರೀ ಡ್ರಮ್ಮು ಉಳಿಸಿ ಅಂತ ಕೇಳ್ತೀನಿ," ಅಂದಳು.

"ಯಾಕೆ?"

"ನಿನ್ನ ನಂಬರ್ ಇದೆಯಲ್ಲ. ನನ್ನ ಕಣ್ಣನ್ನ ನಂಬಬೇಕೋ, ನಿನ್ನ ಕೆಲಸಾನ ನಂಬಬೇಕೋ? ಸುಮ್ನೆ ಸುಳ್ಳು ಹೇಳಿದಂಗೆ ಆಗಬಾರದು."

ಮೇಷ್ಟ್ರು ಒಲೆಯ ಕಡೆ ತಿರುಗಿದರು. ಚಹಾ ಕುಡೀತೀಯಾ ಎಂದು ಕೇಳಿದರು. ಬೇಡ ಎಂದು ಅವಳು ಹೊರಟುಹೋದಳು.

ಶಾಲೆಯ ಸಭಾಂಗಣದಲ್ಲಿ ವಿಚಾರಣೆ. ಮಡಚುವ ಕುರ್ಚಿಗಳು ಸಾಲದೆ ಜನ ಕಿಟಕಿಯ ಕಟ್ಟೆಗಳ ಮೇಲೆಲ್ಲ ಕೂತಿದ್ದರು. ಗಣಿಯ ವಕೀಲರು ಗಂಟಲು ಸರಿಮಾಡಿಕೊಂಡು ಎದ್ದರು.

"ಹನ್ನೊಂದು ವರ್ಷ, ನೂರ ಮೂವತ್ತೆರಡು ಬಾಟಲಿ. ಒಂದರಲ್ಲೂ ದೋಷ ಇಲ್ಲ. ಇಷ್ಟು ನಿಷ್ಠೆಯಿಂದ ಕೆಲಸ ಮಾಡಿದ ಸರ್ಕಾರಿ ನೌಕರರು ಇಲ್ಲೇ ಕೂತಿದ್ದಾರೆ, ಅವರಿಗೆ ನಮ್ಮ ಗೌರವ. ಗಣಿ ಪಕ್ಕದಲ್ಲೇ ನೀರು ಇಷ್ಟು ಶುದ್ಧ ಇರುವಾಗ, ನಾಲ್ಕು ಮೋಟಾರು ದೋಣಿ ಓಡಿದ್ರೆ ಸರೋವರಕ್ಕೆ ಏನಾಗುತ್ತೆ?"

ಜನ ತಿರುಗಿ ಮೇಷ್ಟ್ರನ್ನು ನೋಡಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಜೀವಮಾನದಲ್ಲಿ ಅವರಿಗೆ ಸಿಕ್ಕ ಚಪ್ಪಾಳೆ ಅದೊಂದೇ.

ಆಮೇಲೆ ತಂಗಿ ಎದ್ದಳು. "ಆ ನಂಬರ್ ಬರೆದವನು ನಮ್ಮಣ್ಣ. ಅವನು ಸುಳ್ಳು ಬರೆಯೋನಲ್ಲ. ನೀರು ಕೆಟ್ಟಿದೆ ಅಂತ ನಾನು ಇಷ್ಟು ವರ್ಷ ಬರೆದ ಅರ್ಜಿಗಳನ್ನೆಲ್ಲ ವಾಪಸ್ ತಗೊಳ್ತೀನಿ. ನನ್ನದೇ ತಪ್ಪು. ಡ್ರಮ್ಮು ಒಂದನ್ನ..."

"ನಿಲ್ಸು," ಅಂದರು ಮೇಷ್ಟ್ರು.

ತಾವು ಯಾವಾಗ ಎದ್ದು ನಿಂತೆವೆಂದು ಅವರಿಗೇ ತಿಳಿಯಲಿಲ್ಲ. ಭುಜದ ಪೆಟ್ಟಿನಿಂದ ಶುರುಮಾಡಿ, ಡ್ರಮ್ಮಿನ ಹತ್ತಿರ ತುಂಬಿದ ಬಾಟಲಿ, ಏಳರ ಚೀಟಿ, ಅರ್ಧ ಡಿಗ್ರಿ, ಎಲ್ಲವನ್ನೂ ಹೇಳಿದರು. ಕೊನೆಗೆ, "ಮೊದಲೆರಡು ವರ್ಷದ್ದು ಮಾತ್ರ ನಿಜ ಸಾರ್. ಆಗ ಗಣಿ ಈ ಕಡೆ ಬಂದಿರಲಿಲ್ಲ, ನೀರು ಕನ್ನಡಿ ಥರ ಇತ್ತು. ಆ ಲೆಕ್ಕಾನೂ ಈಗಿನ ನೀರನ್ನೂ ಹೋಲಿಸಿ ನೋಡಿ, ಗೊತ್ತಾಗುತ್ತೆ," ಅಂದರು.

ವಕೀಲರು ಮುಗುಳ್ನಕ್ಕರು. "ಒಂಬತ್ತು ವರ್ಷ ಸುಳ್ಳು ಬರೆದವರು ಅದಕ್ಕೆ ಮುಂಚೆ ಎರಡು ವರ್ಷ ನಿಜ ಬರೆದರು ಅಂತ ಹೇಗೆ ನಂಬೋದು ಸಾರ್? ಗಣಿ ಈ ಕಡೆ ಬರೋಕೆ ಮುಂಚೇನೂ ಅಲ್ಲಿನ ನೀರು ಹೀಗೇ ಇದ್ದಿರಬಹುದು. ಆ ಗುಡ್ಡದ ಕಲ್ಲಿನ ಗುಣವೇ ಹಾಗಿರಬಹುದು."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಬಹಳ ಹೊತ್ತು ಕಾಗದ ತಿರುವಿದರು. ಆಮೇಲೆ ತೀರ್ಮಾನ ಓದಿದರು. ಒಂದು ವರ್ಷ ಬೇರೆಯವರಿಂದ ಹೊಸದಾಗಿ ನೀರು ತೆಗೆಸಬೇಕು. ಅಲ್ಲಿಯವರೆಗೆ ಡ್ರಮ್ಮುಗಳು ಇದ್ದಲ್ಲೇ ಇರಲಿ. ಗಣಿ ಈಗ ನಡೆಯುತ್ತಿರುವಂತೆಯೇ ನಡೆಯಲಿ. ಏಳನೇ ಜಾಗದ ಹನ್ನೊಂದೂ ವರ್ಷದ ಅಂಕಿಗಳನ್ನು ಪೂರ್ತಿ ಕೈಬಿಡಬೇಕು. ಸುಳ್ಳಿನ ಜೊತೆಗೆ ಆ ಎರಡು ವರ್ಷದ ನಿಜವೂ ಕಸದ ಬುಟ್ಟಿ ಸೇರಿತು. ಗಣಿ ಈ ಕಡೆ ಬರುವ ಮುಂಚೆ ಆ ನೀರು ಹೇಗಿತ್ತು ಎನ್ನಲು ಈಗ ಲೋಕದಲ್ಲಿ ಬೇರೆ ಸಾಕ್ಷಿ ಇರಲಿಲ್ಲ.

ತಂಗಿ ಅಣ್ಣನ ಕಡೆ ತಿರುಗಿಯೂ ನೋಡದೆ ಹೊರಗೆ ನಡೆದಳು.

ಮೇಷ್ಟ್ರನ್ನು ಕೆಲಸದಿಂದ ಅಮಾನತು ಮಾಡಿದರು. ಅದು ಅವರಿಗೆ ಅಷ್ಟಾಗಿ ತಟ್ಟಲಿಲ್ಲ. ದಿನಾ ಬೆಳಿಗ್ಗೆ ಶೆಡ್ಡಿನ ಮುಂದೆ ಹಾದುಹೋಗುತ್ತಿದ್ದರು. ತಂಗಿ ತಲೆ ಎತ್ತದೆ ದೋಣಿಯ ತಳ ಕೆರೆಯುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹನ್ನೆರಡನೇ ದಿನ ಅವಳು ಒಂದು ದೋಣಿಯನ್ನು ನೀರಿಗೆ ತಳ್ಳಿ, "ಹತ್ತು," ಅಂದಳು.

ಡ್ರಮ್ಮುಗಳ ಸಾಲಿನವರೆಗೂ ಅವಳೇ ಹುಟ್ಟು ಹಾಕಿದಳು, ಆಮೇಲೂ ಅವಳೇ. ಹಳ್ಳದ ಬಾಯಿ ಹತ್ತಿರವಾದಂತೆ ನೀರಿನ ಬಣ್ಣ ತಿರುಗಿತು. ಕಲ್ಲುಗಳಿಗೆಲ್ಲ ತುಕ್ಕಿನ ಲೋಳೆ ಮೆತ್ತಿತ್ತು. ದಡದಲ್ಲಿ ಬಸವನಹುಳದ ಖಾಲಿ ಚಿಪ್ಪುಗಳು ರಾಶಿ ಬಿದ್ದಿದ್ದವು. ನೀರಿನಂಚಿನ ಮರಗಳ ಒಂದು ಸಾಲು ಪೂರ್ತಿ ಒಣಗಿತ್ತು. ಒಂಬತ್ತು ವರ್ಷದ ಹಿಂದೆ ಮೇಷ್ಟ್ರು ಇಲ್ಲೇ ಬೊಗಸೆಯಲ್ಲಿ ನೀರೆತ್ತಿ ಕುಡಿದಿದ್ದರು. ಅಭ್ಯಾಸಬಲದಿಂದ ಕೈ ಚಾಚಿದವರು ಅರ್ಧಕ್ಕೆ ಹಿಂತೆಗೆದುಕೊಂಡರು.

ತಂಗಿ ಕನ್ನಡಕ ತೆಗೆದು ಕಣ್ಣರಳಿಸಿ ಆ ಕಲ್ಲುಗಳನ್ನು ನೋಡಿದಳು.

"ಇದಿಲ್ಲದೇನೂ ಎಲ್ಲ ಚೆನ್ನಾಗೇ ಕಾಣುತ್ತೆ ಅಣ್ಣ. ಅವತ್ತೂ ಕಾಣ್ತಿತ್ತು. ಕಣ್ಣಿನ ಡಾಕ್ಟ್ರು ಬೇಡ ಅಂದಿದ್ರು. ನಮ್ಮಣ್ಣ ಹೇಳಿದ್ದಾನೆ, ಕೊಡಿ ಅಂತ ಹಠ ಮಾಡಿ ತಗೊಂಡೆ."

ತಪ್ಪಾಯ್ತು ಅನ್ನಲು ಮೇಷ್ಟ್ರು ಬಾಯಿ ತೆರೆದರು. ಈ ನೀರಿನ ಮುಂದೆ ಆ ಮಾತು ತೀರ ಚಿಕ್ಕದೆನಿಸಿ ನುಂಗಿಕೊಂಡರು.

ತಂಗಿ ಹುಟ್ಟುಗಳನ್ನು ಅವರ ಕಡೆ ತಳ್ಳಿದಳು. "ಬರ್ತಾ ನಾನು ತಂದೆ. ಹೋಗ್ತಾ ನೀನು ಹಾಕು."

ಮೇಷ್ಟ್ರು ಜಾಗ ಬದಲಿಸಿ ಕೂತು ಹುಟ್ಟು ಹಿಡಿದರು. ಇನ್ನೇನು ನೋವು ಶುರುವಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡು ಎಳೆದರು. ಹಳ್ಳದ ಬಾಯಿ ಹಿಂದೆ ಸರಿಯಿತು. ಒಣಗಿದ ಮರಗಳು ದಾಟಿದವು. ತಂಗಿ ಎದುರಿಗೆ ಕೂತು ಅವರ ಬಲಭುಜವನ್ನೇ ನೋಡುತ್ತಿದ್ದಳು. ದೂರದಲ್ಲಿ ಹಳದಿ ಡ್ರಮ್ಮುಗಳು ಕಂಡವು, ಹತ್ತಿರವಾದವು, ದೋಣಿಯ ಮೂತಿ ಒಂದಕ್ಕೆ ತಾಗಿ ನಿಂತಿತು. ಒಂದೂಕಾಲು ಗಂಟೆಯಾಗಿತ್ತು. ಭುಜ ಎಲ್ಲೂ ನೋಯಲಿಲ್ಲ.