ಪ್ಲಾಸ್ಟರ್ ಮೇಲಿನ ಸಹಿ

ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ಲತಾಮಣಿಗೆ ಆದ ಅವಮಾನ ಸಣ್ಣದೇನಲ್ಲ. ಮಹಿಳಾ ಹಾಕಿ ಲೀಗಿನ ತಂಡವೊಂದು ಹುಬ್ಬಳ್ಳಿಯ ಪಂದ್ಯಕ್ಕೆ ಅರಸೀಕೆರೆ ಮೇಲೆ ಹಾಯುವ ರೈಲಿನಲ್ಲಿ ಹೋಗುತ್ತಿದೆ ಎಂದು ಗೊತ್ತಾಗಿ, ಅವಳು ಶಾಲೆಗೆ ಅರ್ಧ ದಿನ ರಜೆ ಹಾಕಿ, ಸಹಿ ಪುಸ್ತಕ ಹಿಡಿದು ಓಡಿ ಬಂದಿದ್ದಳು. ಕಿಟಕಿಯೊಳಗೆ ಗೋಲ್‌ಕೀಪರ್ ದೇಚಮ್ಮ ಇಡ್ಲಿ ತಿನ್ನುತ್ತಾ ಕೂತಿದ್ದುದು ಕಣ್ಣಾರೆ ಕಂಡಿತು. ಇನ್ನೇನು ಹತ್ತಬೇಕು, ತಂಡದ ಮ್ಯಾನೇಜರ್ ರಾಜಶೇಖರ್ ಬಾಗಿಲಿಗೆ ಅಡ್ಡ ನಿಂತರು.

"ಸಹಿಗಿಹಿ ಎಲ್ಲ ಬಂದ್ ಮಾಡಿದೀವಮ್ಮ. ಹೋದ ವರ್ಷ ಹಾಕಿಸ್ಕೊಂಡೋರು ಆನ್‌ಲೈನಲ್ಲಿ ಮಾರ್ಕೊಂಡ್ರು."

"ನಾನು ಮಾರೋಳಲ್ಲ ಸಾರ್, ನಾನೂ ಗೋಲ್‌ಕೀಪರ್ರೇ..."

ರೈಲು ಹೊರಟೇಬಿಟ್ಟಿತು. ದೇಚಮ್ಮ ತಲೆ ಎತ್ತಿ ಕೂಡ ನೋಡಲಿಲ್ಲ.

ಲತಾಮಣಿ ಹೇಳಿದ್ದು ಸುಳ್ಳಲ್ಲ. ಮೈಸೂರಿನಲ್ಲಿ ಓದುವಾಗ ಅವಳು ಕಾಲೇಜು ತಂಡಕ್ಕೆ ಗೋಲು ಕಾದವಳು. ಈಗ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ಖೋ ಖೋ, ಥ್ರೋಬಾಲ್ ಕಲಿಸುವುದೇ ಕೆಲಸ. ಹಾಕಿಯ ಸುದ್ದಿ ಎತ್ತಿದರೆ ಸ್ಟಾಫ್‌ರೂಮಿನಲ್ಲಿ ಯಾರಾದರೂ ಕ್ರಿಕೆಟ್ ಸ್ಕೋರು ಕೇಳುತ್ತಿದ್ದರು. ಹಾಗಾಗಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ವಾಪಸಾಗುವ ತಂಡ ಭಾನುವಾರ ಬೇಲೂರು, ಹಳೇಬೀಡು ನೋಡಿಕೊಂಡು ಹೋಗುತ್ತದೆ ಎಂಬುದನ್ನು ಮೊಬೈಲಿನಲ್ಲಿ ನೋಡಿದಾಗ ಅವಳು ಅದನ್ನು ಸ್ಟಾಫ್‌ರೂಮಿನಲ್ಲಿ ಹೇಳಲು ಹೋಗಲಿಲ್ಲ. ನೇರ ಗೆಳತಿ ಹೇಮಾಶ್ರೀಯ ಮನೆಗೆ ಹೋದಳು. ಹೇಮಾಶ್ರೀ ನರ್ಸು.

"ನನ್ನ ಎಡಗೈಗೆ ಪ್ಲಾಸ್ಟರ್ ಹಾಕು."

"ಏನಾಯ್ತೇ ಕೈಗೆ?"

"ಏನೂ ಆಗಿಲ್ಲ. ಸಹಿ ಪುಸ್ತಕ ಹಿಡಿದ್ರೆ ಆ ಮ್ಯಾನೇಜರ್ ಓಡಿಸ್ತಾನೆ. ಮುರಿದ ಕೈ ಚಾಚಿ ಪ್ಲಾಸ್ಟರ್ ಮೇಲೆ ಸಹಿ ಕೇಳಿದ್ರೆ ಯಾರು ಇಲ್ಲ ಅಂತಾರೆ ಹೇಳು?"

ಹೇಮಾಶ್ರೀ ಹಣೆ ಚಚ್ಚಿಕೊಂಡಳು. "ನಿಂಗೆ ತಲೆಗೆ ಹಾಕ್ಬೇಕು ಕಣೇ ಪ್ಲಾಸ್ಟರು" ಎಂದಳು. ಆದರೂ ಭಾನುವಾರ ಬೆಳಿಗ್ಗೆ ಮೆಡಿಕಲ್ ಸ್ಟೋರಿನಿಂದ ಸಾಮಾನು ತಂದು, ಡ್ಯೂಟಿಗೆ ಹೊತ್ತಾಗುತ್ತದೆಂದು ಗೊಣಗುತ್ತಾ, ಮೊಣಕೈಯಿಂದ ಬೆರಳ ಬುಡದವರೆಗೆ ಗಡಿಬಿಡಿಯಲ್ಲಿ ಸುತ್ತಿ ಕಳಿಸಿದಳು.

ಮ್ಯಾನೇಜರಿಗೆ ಗುರುತು ಸಿಗಬಾರದೆಂದು ಲತಾಮಣಿ ಟ್ರ್ಯಾಕ್‌ಸೂಟ್ ಬಿಟ್ಟು ರೇಷ್ಮೆ ಸೀರೆ ಉಟ್ಟಿದ್ದಳು. ಹಳೇಬೀಡಿನ ಬಸ್ಸು ಹತ್ತುವಷ್ಟರಲ್ಲಿ ಊರಿಗೆ ಊರೇ ವಿಚಾರಿಸಿಕೊಂಡಿತು. ಒಬ್ಬರಿಗೆ ಬಚ್ಚಲಲ್ಲಿ ಜಾರಿದೆ ಎಂದಳು, ಇನ್ನೊಬ್ಬರಿಗೆ ಮಾಲೇಕಲ್ಲು ಬೆಟ್ಟದ ಮೆಟ್ಟಿಲಲ್ಲಿ ಬಿದ್ದೆ ಎಂದಳು. ಪಕ್ಕದಲ್ಲಿ ಕೂತ ಅಜ್ಜಿ ಮಾತ್ರ ಬಿಡಲಿಲ್ಲ.

"ಸಿಮೆಂಟ್ ಯಾಕ್ ಹಾಕಿಸ್ಕೊಂಡೆ ಮಗಾ? ನಾಟಿ ವೈದ್ಯರ ಹತ್ರ ಪುತ್ತೂರು ಕಟ್ಟು ಕಟ್ಟಿಸ್ಬಾರ್ದಿತ್ತಾ? ಇಳ್ಕೋ, ನಾನೇ ಕರ್ಕೊಂಡ್ ಹೋಯ್ತೀನಿ."

ಮುಂದಿನ ಸ್ಟಾಪಿನಲ್ಲಿ ಅಜ್ಜಿ ಕೈ ಹಿಡಿದು ಎಳೆದೇಬಿಟ್ಟಳು. ತಪ್ಪಿಸಿಕೊಳ್ಳುವಷ್ಟರಲ್ಲಿ ಲತಾಮಣಿಗೆ ನಿಜವಾಗಿಯೂ ಕೈ ನೋಯತೊಡಗಿತು.

ಹಳೇಬೀಡಿನ ದೇವಸ್ಥಾನದ ಅಂಗಳದಲ್ಲಿ ನೀಲಿ ಅಂಗಿಯ ಹುಡುಗಿಯರ ಗುಂಪು ಕಂಡಿತು. ದೊಡ್ಡ ನಂದಿಯ ಹತ್ತಿರ ದೇಚಮ್ಮ ನಿಂತಿದ್ದಳು. ಲತಾಮಣಿ ಅವಳ ಪಕ್ಕಕ್ಕೇ ಹೋಗಿ, ಕೈಯನ್ನು ಎದೆಗವಚಿಕೊಂಡು, "ಅಯ್ಯಪ್ಪಾ" ಎಂದು ನರಳಿದಳು.

"ಅಯ್ಯೋ, ಏನಾಯ್ತು ಮೇಡಂ?" ಕೊಡಗಿನ ಹುಡುಗಿ ದೇಚಮ್ಮ ಕನ್ನಡದಲ್ಲೇ ಕೇಳಿದಳು.

"ಮಕ್ಕಳಿಗೆ ಹಾಕಿ ಕಲಿಸುವಾಗ ಬಿದ್ದೆ ಕಣಮ್ಮ."

ಆ ಒಂದು ಮಾತು ಸಾಕಾಯಿತು. "ಹಾಕಿನಾ? ಲೇ, ಬನ್ರೇ ಇಲ್ಲಿ!" ದೇಚಮ್ಮ ಎಲ್ಲರನ್ನೂ ಕೂಗಿ ಕರೆದಳು. ಲತಾಮಣಿ ಚೀಲದಿಂದ ನೀಲಿ ಮಾರ್ಕರ್ ತೆಗೆದು, "ಬೇಗ ವಾಸಿಯಾಗ್ಲಿ ಅಂತ ನಮ್ಮ ಮಕ್ಕಳು ಇದರ ಮೇಲೆ ಬರೀಬೇಕು ಅಂತಿದ್ರು. ಮೊದಲು ನೀವೇ ಬರೀರಿ" ಎಂದಳು. ದೇಚಮ್ಮ ಮೊದಲು ಸಹಿ ಹಾಕಿದಳು. ಆಮೇಲೆ ಕ್ಯಾಪ್ಟನ್ನು, ಆಮೇಲೆ ಜಾರ್ಖಂಡ್, ಹರಿಯಾಣ, ಮಣಿಪುರದ ಹುಡುಗಿಯರು. ಯಾರ್ಯಾರೋ ಹೂವು, ನಗುಮುಖ ಬಿಡಿಸಿದರು. ಕೊನೆಗೆ ರಾಜಶೇಖರ್ ಅವರೇ ಕನ್ನಡಕ ಏರಿಸಿಕೊಂಡು ಬಂದು, "ಪಾಪ, ನಂದೂ ಒಂದಿರಲಿ" ಎಂದು ದೊಡ್ಡದಾಗಿ ಗೀಚಿದರು. ಲತಾಮಣಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ನೋವಿಗೆ ಕಚ್ಚಿಕೊಂಡಳೆಂದು ಅವರು ಇನ್ನಷ್ಟು ಮರುಗಿದರು.

ಅಲ್ಲಿಗೆ ನಮಸ್ಕಾರ ಹೇಳಿ ಹೊರಟಿದ್ದರೆ ಚೆನ್ನಾಗಿತ್ತು. ಆದರೆ ಅವಳಿಗೆ ದೇಚಮ್ಮನ ಜೊತೆ ಫೋಟೊ ಬೇಕೆನಿಸಿತು. ಫೋಟೊ ತೆಗೆಯಲು ಮುಂದೆ ಬಂದವರು ತಂಡದ ಫಿಸಿಯೊ ಅರುಣ್‌ಕುಮಾರ್. ಫೋನು ಎತ್ತಿದವರು ಹಾಗೇ ಕೆಳಗಿಳಿಸಿದರು.

"ಮೇಡಂ, ನಿಮ್ಮ ಬೆರಳು ನೀಲಿಗಟ್ಟಿದೆ!"

ಮಾರ್ಕರ್ ಸೋರಿ ಬೆರಳಿಗೆಲ್ಲ ಬಣ್ಣ ಹತ್ತಿತ್ತು.

"ಅದು ಇಂಕು ಸಾರ್."

"ಹಾಗಂದ್ಕೊಂಡೇ ಜನ ಬೆರಳು ಕಳ್ಕೊಳ್ಳೋದು. ರಕ್ತ ಓಡ್ತಿಲ್ಲ. ಯಾರ್ರೀ ಇಷ್ಟು ಅಧ್ವಾನವಾಗಿ ಹಾಕಿದ್ದು? ಈಗಿಂದೀಗಲೇ ತೆಗೀಬೇಕು."

ಬೇಡವೆಂದರೂ ಕೇಳುವವರಿಲ್ಲ. ಒಬ್ಬಳು ನೀರು ಕುಡಿಸಿದಳು, ಇನ್ನೊಬ್ಬಳು ಭುಜ ಹಿಡಿದಳು. ಅರುಣ್‌ಕುಮಾರ್ ಅವಳನ್ನು ಬಸ್ಸಿನ ಬಳಿ ಕರೆದೊಯ್ದು ಕಿಟ್ಟಿನಿಂದ ದಪ್ಪ ಕತ್ತರಿ ತೆಗೆದು ಪ್ಲಾಸ್ಟರಿಗೆ ಇಟ್ಟೇಬಿಟ್ಟರು. ಕತ್ತರಿ ದೇಚಮ್ಮನ ಹೆಸರಿನತ್ತ ಸರಿಯುತ್ತಿದ್ದುದನ್ನು ಕಂಡು ಲತಾಮಣಿ ಕೂಗಿಕೊಂಡಳು.

"ಸಾರ್, ಸಾರ್! ದೇಚಮ್ಮಂದು ಬಿಟ್ಟು ಕತ್ತರಿಸಿ! ಬೇಕಾದ್ರೆ ಮ್ಯಾನೇಜರ್ದು ಹೋಗ್ಲಿ!"

ಅಷ್ಟರಲ್ಲಿ ಪ್ಲಾಸ್ಟರ್ ಎರಡು ಹೋಳಾಗಿ ತೆರೆದುಕೊಂಡಿತು. ಒಳಗೆ ದುಂಡಗಿನ, ಗಟ್ಟಿಮುಟ್ಟಾದ ಕೈ; ಆ ಕೈ ಮೇಲೆ ಟಿಕ್ ಟಿಕ್ ಎನ್ನುತ್ತಿದ್ದ ವಾಚು. ಬೆಳಗಿನ ಗಡಿಬಿಡಿಯಲ್ಲಿ ಅದನ್ನು ಬಿಚ್ಚಬೇಕೆಂದು ಗೆಳತಿಯರಿಬ್ಬರಿಗೂ ಹೊಳೆದಿರಲಿಲ್ಲ.

ಅರುಣ್‌ಕುಮಾರ್ ವಾಚು ನೋಡಿ, "ಹನ್ನೆರಡೂವರೆ" ಎಂದರು.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ರಾಜಶೇಖರ್ ಮಾತ್ರ ಕೆಂಪಗಾದರು. ಲತಾಮಣಿ ತಲೆ ತಗ್ಗಿಸಿ, ರೈಲಿನ ಬಾಗಿಲಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದಳು.

"ತಪ್ಪಾಯ್ತು ಸಾರ್. ಕೇಳಿದ್ರೆ ಕೊಡ್ತಿರ್ಲಿಲ್ಲವಲ್ಲ ನೀವು?"

"ಮೋಸ ಮಾಡಿ ಪಡೆದಿದ್ದು. ಕೊಡಿ ಇಲ್ಲಿ ಅದನ್ನ" ಎಂದು ಅವರು ಹೋಳುಗಳಿಗೆ ಕೈಚಾಚಿದರು. ದೇಚಮ್ಮ ನಡುವೆ ಬಂದಳು.

"ಸಾರ್, ಗೋಲ್‌ಕೀಪರ್ ಅಂತಾರಲ್ಲ, ನೋಡೇಬಿಡೋಣ. ನೀವು ಒಂದು ಪೆನಾಲ್ಟಿ ಹೊಡೀರಿ. ಗೋಲಾದ್ರೆ ಪ್ಲಾಸ್ಟರ್ ನಿಮ್ದು. ತಡೆದ್ರೆ ಅವ್ರದ್ದು."

ತಾನು ಫಾರ್ವರ್ಡ್ ಆಡುತ್ತಿದ್ದ ಕಾಲದ ಗೋಲುಗಳನ್ನು ದಿನವೂ ಹುಡುಗಿಯರಿಗೆ ಹೇಳುತ್ತಿದ್ದ ರಾಜಶೇಖರ್ ಆಗುವುದಿಲ್ಲ ಎನ್ನಲಾರದೆ ಸಿಕ್ಕಿಬಿದ್ದರು. ಬಸ್ಸು ನಿಲ್ಲಿಸುವ ಬಯಲಿನಲ್ಲಿ ಎರಡು ಕಿಟ್‌ಬ್ಯಾಗುಗಳೇ ಗೋಲುಕಂಬವಾದವು. ದೇಚಮ್ಮ ತನ್ನ ಪ್ಯಾಡುಗಳನ್ನು ತಂದು ತಾನೇ ಮಂಡಿಯೂರಿ ಕೂತು ಲತಾಮಣಿಯ ಕಾಲಿಗೆ ಕಟ್ಟಿದಳು. ಹೆಲ್ಮೆಟ್ ತೊಡಿಸಿದಳು. ಅದರೊಳಗೆ ಬೆವರಿನ, ಮುಲಾಮಿನ ವಾಸನೆಯಿತ್ತು. ಲತಾಮಣಿ ಅದನ್ನು ಎದೆ ತುಂಬ ಎಳೆದುಕೊಂಡಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಿಂತಳು.

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವ ಗಿಡ್ಡಮ್ಮ ತನ್ನ ಅಂಗಡಿ ಬಿಟ್ಟು ಓಡಿ ಬಂದಳು. "ಯಾವೂರ ಹೆಂಗ್ಸವ್ವಾ ಇವಳು, ರೇಸ್ಮೆ ಸೀರೆ ಮ್ಯಾಲೆ ಹಾಸಿಗೆ ಕಟ್ಕಂಡವ್ಳೆ!"

ರಾಜಶೇಖರ್ ಸ್ಟಿಕ್ಕು ಹಿಡಿದು ಮೈ ಬಗ್ಗಿಸಿದರು. ಇನ್ನೇನು ಹೊಡೆಯಬೇಕು.

"ಸಾರ್, ನಿಮ್ಮ ಶೂ ಲೇಸ್ ಬಿಚ್ಚಿದೆ" ಎಂದಳು ಲತಾಮಣಿ, ತುಂಬ ಕಾಳಜಿಯಿಂದ.

ಅವರು ಬಗ್ಗಿ ನೋಡಿದರು. ಶೂ ಇನ್ನೂ ಗಿಡ್ಡಮ್ಮನ ಅಂಗಡಿಯಲ್ಲಿತ್ತು, ಅವರು ಬರಿಗಾಲಲ್ಲಿದ್ದರು. ಹುಡುಗಿಯರ ನಗುವಿಗೆ ರೇಗಿಹೋಗಿ ಅವರು ಬೀಸಿ ಹೊಡೆದರು. ಚೆಂಡು ಬಲಗಡೆಗೆ, ನೆಲ ಹಿಡಿದು ಬಂತು. ಲತಾಮಣಿ ಯೋಚಿಸಲಿಲ್ಲ. ಅವಳ ಕಾಲು ತಾನಾಗಿ ಚಾಚಿತು, ರೇಷ್ಮೆ ಸೀರೆ ಚರ್ರೆಂದು ಹರಿಯಿತು, ಚೆಂಡು ಪ್ಯಾಡಿಗೆ ಬಡಿದು ದೂರ ಹಾರಿತು.

"ಇದು ಮೋಸ! ಮಾತಾಡಿ ನನ್ನ ಗಮನ ಕೆಡಿಸಿದ್ರು!"

"ಗೋಲ್‌ಕೀಪರ್‌ಗಳು ಮಾತಾಡೋರೇ ಸಾರ್. ನಾನೂ ಆಡ್ತೀನಿ" ಎಂದಳು ದೇಚಮ್ಮ. ಅವಳೇ ಪ್ಲಾಸ್ಟರಿನ ಹೋಳುಗಳಿಗೆ ಟೇಪು ಸುತ್ತಿ, "ಒಳ್ಳೇ ಸೇವ್, ಅಕ್ಕಾ" ಎಂದು ಕೈಗಿಟ್ಟಳು. ರಾಜಶೇಖರ್ ಬುಸುಗುಟ್ಟುತ್ತಾ ಬಸ್ಸು ಹತ್ತಿದರು. ಹತ್ತಿದವರು ಕಿಟಕಿಯಿಂದ ತಲೆ ಹಾಕಿ, "ಅದನ್ನ ಮಾರಿದ್ರೆ ನೋಡಿ!" ಎಂದು ಗದರಿದರು. ಗದರಿದ್ದರಲ್ಲಿ ಅಂಥ ಬಿಸಿ ಇರಲಿಲ್ಲ.

ಸಂಜೆ ಅರಸೀಕೆರೆಯ ಮನೆಯಲ್ಲಿ ತಾಯಿ ಮುತ್ತಮ್ಮ ಮೂಟೆ ಬಿಚ್ಚಿ ತೆಂಗಿನಕಾಯಿ ಆರಿಸುತ್ತಿದ್ದಳು. ಹರಿದ ಸೀರೆ ಕಂಡು, "ಎಲ್ಲಿ ಹೊಳ್ಳಾಡ್ಕಂಡ್ ಬಂದ್ಯೇ?" ಎಂದು ಕೇಳುವಷ್ಟರಲ್ಲಿ ಅವಳ ಕೈಯಿಂದ ಕಾಯೊಂದು ಜಾರಿ ಬಾಗಿಲ ಕಡೆ ಉರುಳಿತು. ಲತಾಮಣಿ ನಿಂತಲ್ಲೇ ಬಲಗಾಲು ಚಾಚಿ ಅದನ್ನು ತಡೆದಳು.

"ಇನ್ನೊಂದು ಉರುಳಿಸವ್ವಾ" ಎಂದಳು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. "ಈ ಸಲ ಜೋರಾಗಿ."