ಅಮಾವಾಸ್ಯೆಯ ದಿನ ಬೀದಿಗೆ ಬಂದ ಹಾಸು

ಕಾಲ ಕೊಡಿ, ತಲಾಂತು ಕೊಡಿ, ಕಾಣಿಕೆ ಕೊಡಿ. ಹೊಸ ಉಪದೇಶಿ ನಾಗರಾಜನ್ ಸೇಲಂನಿಂದ ನಮ್ಮ ಅದಿಯಮಾನ್‌ಕೋಟೆಗೆ ಬಂದ ಮೇಲೆ ನಾಲ್ಕು ಭಾನುವಾರವೂ ಇದೇ ಪ್ರಸಂಗ. ತಲಾಂತು ಎಂದರೆ ದೇವರು ಕೈಗೆ ಕೊಟ್ಟ ವಿದ್ಯೆಯಂತೆ. ಚರ್ಚಿನ ಗೋಡೆಗೆ ಒಂದು ದೊಡ್ಡ ಕಾಗದ ಹೊಡೆದಿದ್ದರು. ಯಾರು ಏನು ಕೊಟ್ಟರು ಎಂದು ಅದರಲ್ಲಿ ಹೆಸರು ಬರೆಯುತ್ತಿದ್ದರು. ಅದರಲ್ಲಿ ನಮ್ಮ ಹೆಸರು ಇರಲಿಲ್ಲ. ಇಲ್ಲದೇ ಇದ್ದದ್ದಕ್ಕೆ ನನಗೇನೂ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು.

ನಾನು ಎಲ್ಲಮ್ಮ. ನನ್ನ ಗಂಡ ಪಾಪಣ್ಣ, ಮನೆಯಲ್ಲಿ ಒಂದು ಮಗ್ಗ. ನಾವು ಚರ್ಚಿಗೆ ಸೇರಿ, ದೀಕ್ಷಾಸ್ನಾನ ಆಗಿ ಮೂರು ವರ್ಷ. ನಮ್ಮ ನೇಕಾರರ ಬೀದಿಯಲ್ಲಿ ಒಂದು ಪದ್ಧತಿ ಉಂಟು. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸುವ ನೂಲು; ಅದು ಯಾರ ಮನೆಯದೇ ಆಗಲಿ, ಬೆಳಗಿನ ಜಾವ ಅರವತ್ತು ಮೊಳ ನೂಲನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಉದ್ದನೆಯ ಕುಂಚದಲ್ಲಿ ಉಜ್ಜಿ ಒಣಗಿಸಬೇಕಾದರೆ ಎಂಟು ಕೈ ಬೇಕು. ಅದಕ್ಕೆ ಕರೆಯುವ ಮಾತಿಲ್ಲ. ನೂಲು ಬೀದಿಗೆ ಬಂದದ್ದು ಕಂಡರೆ ಪಕ್ಕದ ಮನೆಯವರು ಕುಂಚ ಹಿಡಿದು ತಾವೇ ಬರುತ್ತಾರೆ. ನಾವು ಚರ್ಚಿಗೆ ಹೋದ ಮೇಲೆ ನಮ್ಮ ನೂಲಿಗೆ ಯಾರೂ ಬರಲಿಲ್ಲ. ಎದುರು ಮನೆಯ ಕಾಳಿಯಮ್ಮ ನನ್ನ ಜೊತೆ ಮಾತು ಬಿಟ್ಟಳು. ಅಂದಿನಿಂದ ಇಬ್ಬರೇ ಒದ್ದಾಡಿಕೊಂಡು, ಸಣ್ಣ ಸಣ್ಣ ಹಾಸು ಹಾಕಿ ದಿನ ದೂಡಿದೆವು.

ಆ ಸಲ, ನಮಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರ ದೊಡ್ಡ ಹಾಸಿನ ನೂಲು ಕೊಟ್ಟಿದ್ದ. ಸೀರೆ ಚೆನ್ನಾಗಿ ಬಂದರೆ ಮುಂದೆಯೂ ನೂಲು, ಕೆಟ್ಟರೆ ಇನ್ನು ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಮುಖಕ್ಕೆ ಹೇಳಿಯೇ ಹೋಗಿದ್ದ. ಶನಿವಾರ ಬೆಳಿಗ್ಗೆ ಗಂಜಿ ಹಚ್ಚುತ್ತಿದ್ದಾಗ ಮೋಡ ಕವಿಯಿತು. ನಾನು ಬೀದಿಯ ತುದಿಯ ಚರ್ಚಿಗೆ ಓಡಿದೆ. ಸಭೆಯವರೆಲ್ಲ ಅಲ್ಲೇ ಇದ್ದರು, ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಸಭೆಯ ಹಿರಿಯ ನಾರಾಯಣಪ್ಪ ಏಣಿಯ ಮೇಲಿದ್ದ. ನಾಲ್ಕು ಮಗ್ಗದ ನೇಕಾರ ಅವನು, ಗಂಜಿ ಹಚ್ಚಿದ ನೂಲು ನೆಂದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಅಣ್ಣೋ, ನಾಕು ಜನ ಬನ್ನಿ, ಮಳೆ ಬತ್ತಾ ಐತೆ," ಅಂದೆ.

"ಕಣ್ಣು ಕಾಣಾಕಿಲ್ವಾ ಎಲ್ಲಮ್ಮ? ದೇವ್ರ ಕೆಲ್ಸ ನಡೀತಾ ಐತೆ. ಕಾಲ ಕೊಡ್ತೀವಿ ಅಂತ ಎಲ್ರೂ ಏಳವ್ರೆ. ಮುಗುಸ್ಕೊಂಡು ನೋಡಾನ, ಓಗು."

ಕೆಳಗಿದ್ದವರು ತಲೆ ಎತ್ತಲಿಲ್ಲ. ಮುನಿಯಪ್ಪನೊಬ್ಬ ಸುಣ್ಣದ ಬಕೆಟ್ಟು ಕೆಳಗಿಟ್ಟ, ಹಿರಿಯನ ಮುಖ ನೋಡಿದ, ಮತ್ತೆ ಎತ್ತಿಕೊಂಡ. ಸುಣ್ಣದ ಗೋಡೆ ನಾಳೆಯೂ ಅಲ್ಲೇ ಇರುತ್ತದೆ ಎಂದು ಕೂಗಬೇಕೆನಿಸಿತು. ಕೂಗದೆ ಮನೆ ಕಡೆ ಓಡಿದೆ. ಮನೆ ಮುಟ್ಟುವಷ್ಟರಲ್ಲಿ ಹನಿ ಶುರುವಾಗಿತ್ತು. ಒದ್ದೆ ನೂಲನ್ನೇ ಸುತ್ತಿ ಒಳಗೆ ಎಳೆದೆವು.

ಭಾನುವಾರ ಬಿಸಿಲು ಬಿತ್ತು. ಸುತ್ತಿಟ್ಟ ನೂಲಿನಿಂದ ಹುಳಿ ವಾಸನೆ ಏಳುತ್ತಿತ್ತು. ಸೋಮವಾರದವರೆಗೆ ಬಿಟ್ಟರೆ ಎಳೆಗೆ ಎಳೆ ಅಂಟಿ ಕೊಳೆಯುವುದು ಖಂಡಿತ. ಭಾನುವಾರ ಕೆಲಸ ಮಾಡಬಾರದು ಎನ್ನುವುದು ನಮ್ಮ ಸಭೆಯ ಕಟ್ಟಳೆ. ಅಂದು ಅಮಾವಾಸ್ಯೆಯೂ ಆಗಿತ್ತು. ಅಮಾವಾಸ್ಯೆಯ ದಿನ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ನೂಲು ಹೊರಗೆ ತರುವುದಿಲ್ಲ. ಎರಡೂ ಕಡೆಯ ದೇವರು ಒಂದೇ ದಿನ ಅಡ್ಡ ನಿಂತಿದ್ದರು. ನಾನು ನೂಲು ಹೊರಗೆ ತಂದೆ.

ಬೈಬಲು ಕಂಕುಳಲ್ಲಿ ಇಟ್ಟುಕೊಂಡು ಸಭೆಯವರು ಬಂದರು. ನಾನೂ ಪಾಪಣ್ಣನೂ ಬಿಗಿದ ನೂಲು ದಾರಿ ತುಂಬ ಹರಡಿತ್ತು. ಒಬ್ಬೊಬ್ಬರೇ ಚರಂಡಿಯ ಪಕ್ಕದಲ್ಲಿ ಸೀರೆ, ಪಂಚೆ ಎತ್ತಿಕೊಂಡು ದಾಟಿ ಹೋದರು. "ಕರ್ತನ ದಿನ," ಎಂದು ನಾರಾಯಣಪ್ಪ ನನಗೆ ಕೇಳುವಂತೆ ಗೊಣಗಿದ. ಹಿಂದೆಯೇ ಬಂದ ಉಪದೇಶಿ ನಿಂತರು, ಏನೋ ಹೇಳಹೊರಟರು, ಗಂಟೆ ಹೊಡೆಯಿತು, ಹೋದರು.

ಎದುರು ಬಾಗಿಲು ತೆರೆಯಿತು. ಕಾಳಿಯಮ್ಮ ಕುಂಚ ಹಿಡಿದು ಬಂದಳು. ಹಿಂದೆ ಇಬ್ಬರು ಸೊಸೆಯರು.

"ಅಮಾಸೆ ಅಲ್ವಾ ಅಕ್ಕಾ?" ಅಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದೇ.

"ಅಮಾಸೆ ಅಂತ ನೂಲು ಕೊಳೀದೆ ಇರ್ತದಾ? ಆ ಕಡೆ ಇಡ್ಕೋ. ನಿನ್ಗೋಸ್ಕರ ಬಂದಿಲ್ಲ ಕಣೇ, ನೂಲ್ಗೋಸ್ಕರ ಬಂದಿವ್ನಿ."

ಮೂರು ಗಂಟೆ ಕಾಲ ಉಜ್ಜಿದೆವು. ಅಂಟಿದ ಎಳೆಗಳನ್ನು ಕಾಳಿಯಮ್ಮ ಉಗುರಿನಲ್ಲಿ ಬಿಡಿಸಿದಳು, ಹರಿದವನ್ನು ಸೊಸೆಯರು ಗಂಟು ಹಾಕಿದರು. ಚರ್ಚಿನಿಂದ ಹಾಡು ಕೇಳುತ್ತಿತ್ತು. ನೂಲು ಉಳಿಯಿತು. ಸಂಜೆ ಬೀದಿಯ ಯಜಮಾನರು ಕಾಳಿಯಮ್ಮನನ್ನು ಕರೆಸಿ ಎಲ್ಲರ ಎದುರು ಬೈದು, ಗುಡಿಗೆ ತಪ್ಪುಕಾಣಿಕೆ ಹಾಕಿಸಿದರು. ಅವಳು ಅದನ್ನು ನನಗೆ ಹೇಳಲಿಲ್ಲ. ಸೊಸೆ ಹೇಳಿದಳು.

ಮುಂದಿನ ಭಾನುವಾರ ಉಪದೇಶಿ ಕಾಗದದ ಪಕ್ಕ ನಿಂತು, ಈ ವಾರ ಯಾರು ಏನು ಕೊಟ್ಟಿರಿ ಎಂದು ಕೇಳಿದರು. ನಾನು ಎದ್ದೆ. ಪಾಪಣ್ಣ ಸೆರಗು ಎಳೆದ. ಬಿಡಿಸಿಕೊಂಡೆ.

"ಬರ್ಕೊಳ್ಳಿ ಅಯ್ಯಾ. ಕಾಳಿಯಮ್ಮ, ಮೂರು ಗಂಟೆ ಕಾಲ. ಕುಂಚದ ಕೆಲ್ಸ, ಅದು ತಲಾಂತು. ತಪ್ಪುಕಾಣಿಕೆ ಬ್ಯಾರೆ ಕಟ್ಟವ್ಳೆ. ಮೂರೂ ಆಯ್ತು."

"ಅವ್ಳು ನಮ್ ಸಭೆಯೋಳಲ್ಲ!" ಎಂದು ನಾರಾಯಣಪ್ಪ ಎದ್ದ.

"ಯಾರ್ ಸಭೆ ಅಂತ ಅಯ್ಯನೋರು ಕೇಳ್ಲಿಲ್ಲ, ಯಾರ್ ಕೊಟ್ರು ಅಂತ ಕೇಳಿದ್ರು. ನೀನು ಗೋಡೆಗೆ ಕೊಟ್ಟೆ ಅಣ್ಣ. ಗೋಡೆಗೆ ಅಸಿವಾಯ್ತದಾ?"

ಉಪದೇಶಿ ಕಾಗದದ ಕಡೆ ತಿರುಗಿದರು. ಆಮೇಲೆ ಮಸಿಯಲ್ಲಿ ಲೇಖನಿ ಅದ್ದಿ ಬರೆದರು. ನನಗೆ ಓದಲು ಬರುವುದಿಲ್ಲ. ಪಕ್ಕದಲ್ಲಿದ್ದ ಮುನಿಯಪ್ಪ, "ಕಾಳಿಯಮ್ಮ ಅಂತಾನೇ ಬರ್ದವ್ರೆ," ಅಂದ.

ಅಷ್ಟಕ್ಕೆ ನನ್ನ ಸಿಟ್ಟು ಇಳಿಯಲಿಲ್ಲ.

"ಬರೋ ಬುಧವಾರ ಕಾಳಿಯಮ್ಮನ ಮನೆ ನೂಲು ಬೀದಿಗೆ ಬತ್ತದೆ. ಭಾನುವಾರ ಅಲ್ಲ, ಯಾವ ಕಟ್ಟಳೇನೂ ಇಲ್ಲ. ಯಾರ್ ಬತ್ತೀರ, ಕೈ ಎತ್ತಿ."

ಮುನಿಯಪ್ಪ ಎತ್ತಿದ. ಉಪದೇಶಿಯೂ ಎತ್ತಿದರು. ಮಸಿಯಾದ ಆ ಮೆತ್ತನೆಯ ಬೆರಳು ನೋಡಿ ನನಗೆ ಮತ್ತೆ ರೇಗಿತು.

"ಕುಂಚ ಇಡ್ದು ಗೊತ್ತಾ ಅಯ್ಯಾ?"

"ತೆರಿಯಾದಮ್ಮಾ," ಅಂದರು ತಮಿಳಿನಲ್ಲಿ, ಗೊತ್ತಿಲ್ಲವೆಂದು.

"ಅಂಗಾದ್ರೆ ಒತ್ತು ಮೂಡೋಕೆ ಮುಂಚೆ ಬನ್ನಿ. ಕಾಳಿಯಮ್ಮ ಏಳ್ಕೊಡ್ತಾಳೆ."