ಹಾರಿಸದೆ ಓದಿದ ಅಧ್ಯಾಯ

ಬಡಗಿ ತನ್ನ ತಂಗಿಯನ್ನು ತಾನೇ ಕರೆದುಕೊಂಡು ಹೋಗಿ ಗಂಡನ ಮನೆಯಲ್ಲಿ ಬಿಟ್ಟು ಬಂದಿದ್ದ. ಯಾರೂ ಅವನ ಕುತ್ತಿಗೆಯ ಮೇಲೆ ಕೂತು ಮಾಡಿಸಿದ ಕೆಲಸವಲ್ಲ ಅದು. ತುಟಿ ಒಡೆದುಕೊಂಡು ಬಂದ ತಂಗಿ ನಾಲ್ಕು ದಿನ ಅವನ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಐದನೆಯ ದಿನ ಚರ್ಚಿನ ಪಾದ್ರಿ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಸಂಸಾರ ಅಂದಮೇಲೆ ಹೆಣ್ಣಿಗೆ ತಾಳ್ಮೆ ಬೇಕು, ನಾವೆಲ್ಲ ಪ್ರಾರ್ಥನೆ ಮಾಡೋಣ, ಅವನು ಬದಲಾಗುತ್ತಾನೆ ಎಂದರು. ಪಾದ್ರಿಯ ಮಾತು ಮೀರಿ ಬಡಗಿಗೆ ಅಭ್ಯಾಸವಿರಲಿಲ್ಲ. ತಂಗಿಯ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಆರು ವಾರಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಅವಳ ಗಂಡ ಲಾರಿ ಓಡಿಸುವವನು. ಚಕ್ರ ಬಿಚ್ಚುವ ಕಬ್ಬಿಣದ ರಾಡಿನಿಂದ ಹೊಡೆದಿದ್ದ. ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು, ಮೂಗಿನೊಳಗೆ ನಳಿಗೆ ಇಳಿಸಿ ಮಲಗಿಸಿದ್ದರು. ಬಡಗಿ ಹಾಸಿಗೆಯ ಪಕ್ಕ ಮರದ ಬೊಂಬೆಯ ಹಾಗೆ ನಿಂತಿದ್ದಾಗ ವಾರ್ಡಿನ ವಯಸ್ಸಾದ ನರ್ಸಮ್ಮ ಅವನನ್ನು ಕಾರಿಡಾರಿಗೆ ಕರೆದರು.

“ನೀನು ಅಣ್ಣನಾ?”

ಹೌದೆಂದ.

“ವಾಪಸ್ ಕಳಿಸಿದ್ದು ನೀನೇನಾ?”

ಅದಕ್ಕೂ ಹೌದೆಂದ. ಪಾದ್ರಿ ಹೇಳಿದ್ದರು, ಬೈಬಲ್ಲಿನಲ್ಲಿ ಹಾಗೇ ಇದೆಯಂತೆ, ಎಂದು ಸೇರಿಸಿದ.

“ನೀನು ಓದಿದ್ದೀಯಾ?”

ಬಡಗಿ ತಲೆ ತಗ್ಗಿಸಿದ. ನಲವತ್ತು ವರ್ಷ ಕೇಳಿದ್ದ. ಓದಿರಲಿಲ್ಲ.

ಓದು ಶುರುವಾದದ್ದು ಹಾಗೆ. ತಂಗಿ ಅಣ್ಣನ ಮನೆಗೆ ಬಂದಳು. ಹೆಂಡತಿ ತೀರಿಕೊಂಡ ಮೇಲೆ ಅವನು ಒಬ್ಬನೇ ಇದ್ದ, ಮನೆಯ ಹಿಂದೆಯೇ ಕೆಲಸದ ಶೆಡ್ಡು. ಭಾನುವಾರ ಬೆಳಿಗ್ಗೆ ಉಳಿದವರು ಚರ್ಚಿಗೆ ಹೋಗುವ ಹೊತ್ತಿಗೆ ನರ್ಸಮ್ಮ ಆ ಶೆಡ್ಡಿಗೆ ಬರುತ್ತಿದ್ದರು. ಮೂವರೂ ಅರ್ಧ ಮುಗಿದ ಕುರ್ಚಿಗಳ ಮೇಲೆ ಕೂತು ಬೈಬಲ್ಲನ್ನು ಮೊದಲ ಪುಟದಿಂದ ಓದತೊಡಗಿದರು. ಆಮೇಲೆ ಶಾಲೆಯ ಮೇಷ್ಟ್ರು ಸೇರಿಕೊಂಡರು. ಆಮೇಲೆ ಗೂಳಿ ಬಂದ.

ಗೂಳಿ ಎಂದು ಊರು ಕರೆಯುತ್ತಿದ್ದದ್ದು ಮಂಡಿಯಲ್ಲಿ ಮೂಟೆ ಇಳಿಸುವ ಒಬ್ಬನನ್ನು. ಅದಕ್ಕೆ ಮೊದಲು ಅವನ ಕಸುಬು ಬೇರೆಯವರ ಪರವಾಗಿ ಹೊಡೆಯುವುದು. ಯಾರದೋ ಕಾಲು ಮುರಿಯಬೇಕು, ಯಾರದೋ ಅಂಗಡಿ ಪುಡಿ ಮಾಡಬೇಕು ಅಂದರೆ ಅವನನ್ನು ಕರೆಯುತ್ತಿದ್ದರು. ಮೂರು ವರ್ಷದಿಂದ ಯಾರ ಮೇಲೂ ಕೈ ಎತ್ತಿರಲಿಲ್ಲ. ಯಾಕೆ ಬಿಟ್ಟೆ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ. ಅಕ್ಷರಗಳ ಕೆಳಗೆ ದಪ್ಪ ಬೆರಳಿಟ್ಟು ಕೂಡಿಸಿ ಕೂಡಿಸಿ ಓದುವನು. ಅವನ ಪಾಳಿಗೆ ವಂಶಾವಳಿ ಬಂದರೆ ಮುಗಿಯಿತು, ಮೇಷ್ಟ್ರು ಆಕಳಿಸತೊಡಗುವರು. “ಇವರೆಲ್ಲ ಹುಟ್ಟಿ ಮುಗಿಯೋಷ್ಟರಲ್ಲಿ ನಾನು ಎರಡು ಲೋಡ್ ಇಳಿಸಿಬಿಡ್ತಿದ್ದೆ” ಎಂದು ಅವನೇ ನಗುವನು.

ಅವರಿಗೆ ಇದ್ದದ್ದು ಎರಡೇ ಕಟ್ಟಳೆ. ಯಾರೂ ಉಪದೇಶ ಮಾಡುವಂತಿಲ್ಲ. ಯಾವ ಅಧ್ಯಾಯವನ್ನೂ ಹಾರಿಸುವಂತಿಲ್ಲ.

ಹಾಗಾಗಿ ಎರಡನೆಯ ವರ್ಷದ ಒಂದು ಭಾನುವಾರ ಆ ಅಧ್ಯಾಯ ಬಂತು. ಚರ್ಚಿನಲ್ಲಿ ಯಾರೂ ಅದನ್ನು ಓದಿದ್ದು ಬಡಗಿಗೆ ನೆನಪಿರಲಿಲ್ಲ. ಆ ನಾಡಿಗೆ ಇನ್ನೂ ರಾಜರಿಲ್ಲದ ಕಾಲ. ಗಂಡನನ್ನು ಬಿಟ್ಟು ತವರಿಗೆ ಹೋಗಿದ್ದ ಹೆಂಗಸು. ಗಂಡ ಹೋಗಿ ಕರೆದುಕೊಂಡು ಬರುತ್ತಾನೆ. ದಾರಿಯ ಊರಿನಲ್ಲಿ ರಾತ್ರಿ ಉಳಿದ ಮನೆಯನ್ನು ಪೋಕರಿಗಳು ಸುತ್ತುವರಿದು, ಗಂಡನನ್ನು ಹೊರಗೆ ಕಳಿಸಿ ಎನ್ನುತ್ತಾರೆ. ಗಂಡ ತನ್ನ ಜೀವ ಉಳಿಸಿಕೊಳ್ಳಲು ಆ ಹೆಂಗಸನ್ನು ಹಿಡಿದು ಹೊರಗೆ ತಳ್ಳುತ್ತಾನೆ. ಬೆಳಗಿನ ತನಕ ಅವರು ಅವಳನ್ನು ಹರಿದು ತಿನ್ನುತ್ತಾರೆ. ಬೆಳಕು ಹರಿಯುವಾಗ ಅವಳು ಹೊಸ್ತಿಲ ಮೇಲೆ ಕೈ ಚಾಚಿ ಬಿದ್ದಿರುತ್ತಾಳೆ.

ಓದುವ ಪಾಳಿ ಗೂಳಿಯದು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದುದರಿಂದ ಅದು ಮುಗಿಯಲೇ ಇಲ್ಲ. ಹೊಸ್ತಿಲಿನ ಮಾತಿಗೆ ಬಂದು ಅವನ ಬೆರಳು ನಿಂತಿತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಇದನ್ನ ಆ ಕಾಲದ ದೃಷ್ಟಿಯಿಂದ ನೋಡ್ಬೇಕು. ಜನ ದಾರಿ ತಪ್ಪಿದ್ರು ಅನ್ನೋದಕ್ಕೆ ಇದೊಂದು ಸಂಕೇತ ಅಂತ ಇಟ್ಕೊಳ್ಳಿ.”

ಆಗ ತಂಗಿ ಮಾತಾಡಿದಳು. ತಂತಿ ಬಿಚ್ಚಿ ವರ್ಷ ಕಳೆದಿದ್ದರೂ ಅವಳ ಮಾತು ಬಾಯಿಯ ಒಂದೇ ಕಡೆಯಿಂದ ಬರುತ್ತಿತ್ತು. ಅದಕ್ಕೆ ನಾಚಿ ಅವಳು ಓದಿನಲ್ಲಿ ಬಾಯಿ ತೆರೆಯುತ್ತಿದ್ದುದೇ ಅಪರೂಪ.

“ಅವಳ ಗಂಡ ಆಗ ಏನ್ ಮಾಡ್ತಿದ್ದ?”

“ಬೆಳಿಗ್ಗೆ ಎದ್ದು ಬಾಗಿಲು ತೆಗೆದ ಅಂತಿದೆ” ಎಂದರು ನರ್ಸಮ್ಮ.

“ಎದ್ದ ಅಂದ್ರೆ, ಮಲಗಿದ್ದ.”

ಬಡಗಿ ನೆಲದ ಮೇಲಿನ ಮರದ ಹೊಟ್ಟು ನೋಡುತ್ತ ಕೂತ. ಅವಳು ಯಾರ ಕಡೆಗೂ ಬೆರಳು ತೋರಿಸಿರಲಿಲ್ಲ. ಆದರೂ ಅವನ ಕಿವಿಯವರೆಗೆ ಬಿಸಿ ಏರಿತು.

ಹೊರಗೆ ಲಾರಿ ಬಂದು ನಿಂತ ಸದ್ದು ಕೇಳಿದ್ದು ಆಗಲೇ. ತಂಗಿಗೆ ಆ ಎಂಜಿನ್ನಿನ ಸದ್ದು ಗೊತ್ತು. ಅವಳ ಕೈ ತಾನಾಗಿ ದವಡೆಗೆ ಹೋಯಿತು. ದವಡೆ ಮುರಿದ ಕೇಸಿನಲ್ಲಿ ಜಾಮೀನಿನ ಮೇಲೆ ಹೊರಗಿದ್ದ ಅವಳ ಗಂಡ, ಮುಂದಿನ ವಾರ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳುವುದನ್ನು ತಿಳಿದೇ ಬಂದಿದ್ದ. ಜೊತೆಗೆ ಅವನ ತಮ್ಮನೂ ಇದ್ದ.

ಶೆಡ್ಡಿನ ಬಾಗಿಲಿನ ಮೇಲೆ ರಾಡು ಬಿತ್ತು. ಚಿಲಕ ಅದುರಿತು.

“ಭಾವ, ಅವಳನ್ನ ಹೊರಗೆ ಕಳಿಸು” ಎಂದ ಲಾರಿಯವನು. ಸ್ವರ ಎತ್ತರವೇನೂ ಇರಲಿಲ್ಲ. “ಬಾಕಿಯೋರ ತಂಟೆಗೆ ನಾನು ಬರಲ್ಲ. ನನ್ನ ಹೆಂಡತಿ, ನಾನು ಮಾತಾಡ್ತೀನಿ.”

ಎರಡನೆಯ ಏಟಿಗೆ ಬಾಗಿಲಿನ ಹಲಗೆ ಸೀಳಿತು.

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. “ಮಾತಾಡ್ತೀನಿ ಅಂತಿದ್ದಾನಲ್ಲ” ಎಂದರು ಪಿಸುದನಿಯಲ್ಲಿ. “ಒಂದ್ ಮಾತು ಆಡಿ ಕಳಿಸಿದ್ರೆ...” ಅಷ್ಟರಲ್ಲಿ ತಾವು ಏನು ಹೇಳುತ್ತಿದ್ದೇವೆಂದು ಅವರಿಗೇ ಕೇಳಿಸಿರಬೇಕು. ನಾಲಿಗೆ ಕಚ್ಚಿಕೊಂಡರು.

ತಂಗಿ ಎದ್ದು ನಿಂತಿದ್ದಳು. “ನಾನು ಹೋಗ್ತೀನಿ ಅಣ್ಣ. ಇಲ್ದಿದ್ರೆ ಎಲ್ಲರಿಗೂ ಹೊಡೀತಾನೆ.”

ಬಡಗಿ ಅವಳ ಭುಜ ಒತ್ತಿ ಕೂರಿಸಿದ. “ನಾನು ಹೋದ ತಕ್ಷಣ ಚಿಲಕ ಹಾಕು” ಎಂದು ಗೂಳಿಗೆ ಹೇಳಿ, ಪಕ್ಕದ ಸಣ್ಣ ಬಾಗಿಲಿನಿಂದ ಅಂಗಳಕ್ಕೆ ಇಳಿದ. ಜೀವನದಲ್ಲಿ ಅವನು ಯಾರ ಜೊತೆಗೂ ಕೈ ಮಿಲಾಯಿಸಿದವನಲ್ಲ.

“ಕಳಿಸಲ್ಲ” ಎಂದ.

ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದಕ್ಕೆ ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದ. ಬೆರಳುಗಳು ಒಣ ಕಡ್ಡಿಯ ಹಾಗೆ ಮುರಿದದ್ದು ಅವನಿಗೆ ಕೇಳಿಸಿತು, ನೋವು ಆಮೇಲೆ ಬಂತು. ಕೆಳಗೆ ಬಿದ್ದ. ತಮ್ಮನಾದವನು ಬೂಟುಗಾಲಿನಿಂದ ಪಕ್ಕೆಗೆ ಒದ್ದ, ಇನ್ನೊಮ್ಮೆ ಒದ್ದ, ಬಾಯಿಗೆ ಒದ್ದ. ಎರಡು ಹಲ್ಲು ನಾಲಿಗೆಯ ಮೇಲೆ ಉರುಳಾಡಿದವು. ಲಾರಿಯವನು ಅಷ್ಟು ಹೊತ್ತೂ ಮಾತಾಡುತ್ತಲೇ ಇದ್ದ. ಪ್ರತಿ ಏಟಿಗೂ ಒಂದು ಪ್ರಶ್ನೆ. ಯಾರ ಹೆಂಡತಿ? ಏಟು. ಯಾರ ಮನೇಲಿರ್ಬೇಕು? ಏಟು.

ಆಮೇಲೆ ಒಮ್ಮೆಲೇ ಏಟುಗಳು ಮೈಗೆ ತಾಗುವುದು ನಿಂತಿತು. ಆದರೆ ಅವುಗಳ ಸದ್ದು ನಿಲ್ಲಲಿಲ್ಲ. ಬಡಗಿ ಕಣ್ಣು ತೆರೆದರೆ ತನ್ನ ಮೇಲೆ ಗೂಳಿ ಕವುಚಿಕೊಂಡಿದ್ದಾನೆ. ಮೊಣಕಾಲು, ಮೊಣಕೈ ನೆಲಕ್ಕೂರಿ, ಅವನ ಅಗಲವಾದ ಬೆನ್ನು ಮಾಡಿನ ಹಾಗೆ. ರಾಡು ಆ ಬೆನ್ನಿನ ಮೇಲೆ ಬೀಳುತ್ತಿತ್ತು. ಹಸಿ ಮಣ್ಣಿಗೆ ಹೊಡೆದ ಹಾಗೆ ಸದ್ದು. ಗೂಳಿಯ ಬೆವರು ಬಡಗಿಯ ಹಣೆಯ ಮೇಲೆ ತೊಟ್ಟಿಕ್ಕಿತು. ಪ್ರತಿ ಏಟಿಗೂ ಅವನ ಮೂಗಿನಿಂದ ಗಾಳಿ ಹೊರಬರುತ್ತಿತ್ತು, ಅಷ್ಟೇ. ಎದ್ದು ನಿಂತರೆ ಅವರಿಬ್ಬರನ್ನೂ ಎರಡು ನಿಮಿಷದಲ್ಲಿ ಮಲಗಿಸುವ ಶಕ್ತಿ ಇದ್ದವನು ಎರಡೂ ಮುಷ್ಟಿಯಲ್ಲಿ ಮಣ್ಣು ಹಿಡಿದುಕೊಂಡಿದ್ದ.

“ಹೊಡಿ” ಎಂದ ಬಡಗಿ ರಕ್ತದ ಬಾಯಿಂದ. “ತಿರುಗಿಸಿ ಹೊಡಿಯೋ.”

ಗೂಳಿ ತಲೆ ಅಲ್ಲಾಡಿಸಿದ.

ಆಮೇಲಿನ ಏಟಿಗೆ ಅವನ ಪಕ್ಕೆಲುಬು ಒಳಗೆ ಲಟಕ್ಕೆಂದಿತು, ಅವನು ಪಕ್ಕಕ್ಕೆ ವಾಲಿದ. ಶನಿವಾರ ದಿಮ್ಮಿ ಕೆತ್ತಿದ್ದ, ಸಣ್ಣ ಕೊಡಲಿಯಂಥ ಬಾಚಿ ಅಂಗಳದಲ್ಲೇ ಅದೇ ದಿಮ್ಮಿಗೆ ಕಚ್ಚಿಕೊಂಡು ನಿಂತಿತ್ತು. ಬಡಗಿ ಎಡಗೈಯಿಂದ ಅದನ್ನು ಕಿತ್ತು, ಬಿದ್ದಲ್ಲಿಂದಲೇ ಬೀಸಿದ. ಮೂವತ್ತು ವರ್ಷ ಮರ ಕೆತ್ತಿದ ಅಳತೆ ಎಡಗೈಗೂ ಗೊತ್ತಿತ್ತೋ ಏನೋ. ಬಾಚಿ ಲಾರಿಯವನ ಮೊಣಕಾಲಿನ ಚಿಪ್ಪಿಗೆ ನೇರವಾಗಿ ಇಳಿದು ಅದನ್ನು ಎರಡು ಹೋಳು ಮಾಡಿತು. ಅವನು ಕಿರುಚುತ್ತ ಕುಸಿದ. ತಮ್ಮನಾದವನು ಬಿಳಿ ಮೂಳೆ ಹೊರಗೆ ಬಂದದ್ದನ್ನು ನೋಡಿ ಹಿಂದೆ ಹಿಂದೆ ಸರಿದು, ಲಾರಿಯನ್ನೂ ಅಣ್ಣನನ್ನೂ ಅಲ್ಲೇ ಬಿಟ್ಟು ಓಡಿದ.

ಬಡಗಿ ಮೊಣಕಾಲೂರಿ ಎದ್ದ. ಬಾಚಿಯನ್ನು ಈ ಸಲ ತಲೆಯಿಂದ ಮೇಲಕ್ಕೆ ಎತ್ತಿದ. ಕೆಳಗಿದ್ದವನ ಕುತ್ತಿಗೆ ಅವನಿಗೆ ತುಂಬ ಹತ್ತಿರದಲ್ಲಿ, ತುಂಬ ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ಹಿಂದಿನಿಂದ ಒಂದು ಕೈ ಅವನ ಮಣಿಕಟ್ಟು ಹಿಡಿಯಿತು.

“ಸಾಕು ಬಿಡಣ್ಣ” ಎಂದ ಗೂಳಿ, ನೆಲದ ಮೇಲೆ ಅರ್ಧ ಎದ್ದು. ಮಾತಿನ ಜೊತೆಗೆ ರಕ್ತವೂ ಬರುತ್ತಿತ್ತು. “ಮೊದಲನೇದು ನನ್ನ ಉಳಿಸೋಕೆ ಹೊಡೆದೆ. ಇದು ನಿನಗೋಸ್ಕರ.”

ಬಡಗಿ ಬಿಡಿಸಿಕೊಳ್ಳಲು ಎಳೆದಾಡಿದ, ಕಚ್ಚಲೂ ಹೋದ. ಆ ಹಿಡಿತ ಸಡಿಲಲಿಲ್ಲ. ಕೊನೆಗೆ ಬಾಚಿ ಕೈಯಿಂದ ಜಾರಿತು.

ನರ್ಸಮ್ಮ ಓಡಿ ಬಂದಿದ್ದರು. ಲಾರಿಯವನ ಬೆಲ್ಟು ಬಿಚ್ಚಿ ಅವನ ತೊಡೆಗೇ ಬಿಗಿದರು. ಅವನಿಂದ ಹರಿದ ರಕ್ತ ಮರದ ಹೊಟ್ಟನ್ನು ಮುದ್ದೆ ಮಾಡಿತ್ತು. “ಇಲ್ಲಿ ಯಾರಾದ್ರೂ ಒತ್ತಿ ಹಿಡೀರಿ” ಎಂದು ಕೂಗಿದರು. ಹತ್ತಿರ ನಿಂತಿದ್ದವಳು ತಂಗಿ.

“ನಾನು ಮುಟ್ಟಲ್ಲ” ಎಂದಳು ಅವಳು.

ನರ್ಸಮ್ಮ ಅವಳ ಮುಖ ನೋಡಿದರು. “ಬೇಡಮ್ಮ. ನೀನು ಮುಟ್ಬೇಡ. ನಿನ್ನ ಅಣ್ಣನ ಹತ್ರ ಹೋಗು.” ಆಮೇಲೆ ಶೆಡ್ಡಿನ ಕಡೆ ತಿರುಗಿ, “ಮೇಷ್ಟ್ರೇ, ಬನ್ನಿ ಇಲ್ಲಿ.”

ಮೇಷ್ಟ್ರು ಬಂದರು. ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಮತ್ತೆ ಬಂದು ಎರಡೂ ಅಂಗೈಯಿಂದ ಗಾಯ ಒತ್ತಿ ಹಿಡಿದರು. ಆಂಬುಲೆನ್ಸು ಬರುವವರೆಗೂ ಕೈ ತೆಗೆಯಲಿಲ್ಲ. ಅವರ ಅಂಗಿಯ ತೋಳು ಮೊಣಕೈವರೆಗೂ ಕೆಂಪಾಗಿತ್ತು.

ಲಾರಿಯವನ ಜೀವ ಉಳಿಯಿತು, ಕಾಲು ಮಡಚದಾಯಿತು. ಹಳೆಯ ಕೇಸು, ಹೊಸ ಕೇಸು ಎರಡರಲ್ಲೂ ಅವನಿಗೆ ಶಿಕ್ಷೆಯಾಯಿತು. ತಂಗಿ ಕೋರ್ಟಿನಲ್ಲಿ ಬಾಯಿಯ ಒಂದೇ ಕಡೆಯಿಂದ ಒಂದು ಗಂಟೆ ಸಾಕ್ಷಿ ಹೇಳಿದಳು, ಎದುರು ವಕೀಲ ಇನ್ನೊಮ್ಮೆ ಹೇಳಿ ಎಂದಾಗಲೆಲ್ಲ ಇನ್ನೊಮ್ಮೆ ಹೇಳಿದಳು. ಬಡಗಿ, ಹೊಡೆದದ್ದು ನಾನೇ, ಎರಡನೇ ಸಲ ಎತ್ತಿದ್ದೂ ನಾನೇ ಎಂದ. ಹಾಗೆ ಹೇಳಬೇಡ ಎಂದು ಅವನ ವಕೀಲ ಬಡಕೊಂಡಿದ್ದ. ಅವನಿಗೂ ಹನ್ನೊಂದು ತಿಂಗಳು ಬಿತ್ತು.

ಜೈಲಿಗೆ ಪಾದ್ರಿ ಒಮ್ಮೆ ಬಂದಿದ್ದರು. “ನಡೆಸೋರಿಲ್ದೆ ನೀವೇ ನೀವೇ ಓದ್ಕೊಂಡ್ರೆ ಹೀಗೇ ಆಗೋದು” ಎಂದರು ಬೇಸರದಿಂದ.

“ನೀವು ನಡೆಸಿದಾಗ್ಲೂ ಆಗಿತ್ತಲ್ಲ” ಎಂದ ಬಡಗಿ. “ಆಗ ಮುರಿದಿದ್ದು ಅವಳ ದವಡೆ. ಅಷ್ಟೇ ವ್ಯತ್ಯಾಸ.”

ತಂಗಿ ಪ್ರತಿ ತಿಂಗಳೂ ಬರುತ್ತಿದ್ದಳು. ಶೆಡ್ಡು ಮುಚ್ಚಿರಲಿಲ್ಲ. ಅವಳೇ ಪಾಲಿಷ್ ಕೆಲಸ ಹಿಡಿದು, ಕೂಲಿಗೆ ಒಬ್ಬ ಮರಗೆಲಸದವನನ್ನು ಇಟ್ಟುಕೊಂಡಿದ್ದಳು. ಒಂದು ಸಲ ಬಡಗಿ, ಎರಡು ಮೂರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿದ. “ನಿನ್ನ ಕರ್ಕೊಂಡು ಹೋಗಿ ಬಿಟ್ಟು ಬಂದೆನಲ್ಲ. ತಪ್ಪಾಯ್ತು.”

ಅವಳು ಜಾಲರಿಯ ಆಚೆಯಿಂದ ನೇರವಾಗಿ ಅವನ ಮುಖ ನೋಡಿದಳು. “ಹೌದು, ತಪ್ಪಾಯ್ತು” ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಮುಂದಿನ ತಿಂಗಳೂ ಬಂದಳು.

ಬಿಡುಗಡೆಯಾದ ಮೇಲಿನ ಭಾನುವಾರ ಬಡಗಿ ಓದಿಗೆ ಹೋದ. ಅದು ಈಗ ನರ್ಸಮ್ಮನ ಮನೆಯ ನಡುಮನೆಯಲ್ಲಿ ನಡೆಯುತ್ತಿತ್ತು. ಬಡಗಿಯ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಗೂಳಿ ಇನ್ನು ಮೂಟೆ ಎತ್ತುವಂತಿರಲಿಲ್ಲ, ಒಂದು ಗೋದಾಮಿನ ಗೇಟಿನಲ್ಲಿ ಕೂರುತ್ತಿದ್ದ, ಕೂತಲ್ಲಿಂದ ಏಳಲು ಗೋಡೆ ಹಿಡಿಯುತ್ತಿದ್ದ. ಮೇಷ್ಟ್ರು ಎಲ್ಲರಿಗೂ ಟೀ ತಂದುಕೊಟ್ಟರು. ಓದು ಶುರುವಾಗುವ ಮೊದಲು ಬಡಗಿ, ಒಂದು ಮಾತಿದೆ ಎಂದ.

“ಬಾಚಿ ಅವನ ಕಾಲಿಗೆ ಇಳೀತಲ್ಲ. ಆಗ ನನಗೆ ಖುಷಿ ಆಯ್ತು. ಅಷ್ಟು ಖುಷಿ ನನಗೆ ಮದುವೆ ದಿನಾನೂ ಆಗಿರ್ಲಿಲ್ಲ. ಜೈಲಲ್ಲಿ ಹನ್ನೊಂದು ತಿಂಗಳು ಪಶ್ಚಾತ್ತಾಪ ಪಡೋಕೆ ನೋಡಿದೆ. ರಾತ್ರಿ ಮಲಗಿದ್ರೆ ಆ ಏಟೇ ನೆನಪಾಗ್ತಿತ್ತು, ಮತ್ತೆ ಖುಷಿ ಆಗ್ತಿತ್ತು. ಇದನ್ನ ಏನು ಮಾಡ್ಬೇಕೋ ಗೊತ್ತಿಲ್ಲ.”

ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. ತಂಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಗೂಳಿ ಗೋಡೆಗೆ ಒರಗಿದ್ದ ಬೆನ್ನನ್ನು ನಿಧಾನವಾಗಿ ಸರಿಮಾಡಿಕೊಂಡ.

“ನನಗೂ ಆಗ್ತಿತ್ತು” ಎಂದ. “ಪ್ರತಿ ಸಲ. ಅದಕ್ಕೇ ಬಿಟ್ಟೆ.”

ಬಡಗಿ ಎದ್ದು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತ.